ಫೇಲ್‌ಟುಬ್ಯಾನ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಶಿರಸಿಯಲ್ಲಿ ಕೂತು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ ಮಾರುವ ಸಣ್ಣ ಸೈಟೊಂದನ್ನು ನೋಡಿಕೊಳ್ಳುತ್ತೇನೆ. ಸರ್ವರ್ ಬಾಡಿಗೆಗೆ ತಗೊಂಡ ಮೊದಲ ದಿನವೇ ಲಾಗ್ (ಯಾರು ಬಂದರು ಅಂತ ಸರ್ವರ್ ಬರೆದಿಡುವ ಪಟ್ಟಿ) ತೆರೆದರೆ ರೂಟ್, ಅಡ್ಮಿನ್ ಅಂತ ಯಾರ್ಯಾರೋ ಪಾಸ್‌ವರ್ಡ್ ಬಡಿಯುತ್ತಲೇ ಇದ್ದರು. ಅದಕ್ಕೇ ಫೇಲ್‌ಟುಬ್ಯಾನ್ ಅನ್ನುವ ಕಾವಲು ಸಾಫ್ಟ್‌ವೇರ್ ಹಾಕಿದೆ. ಪುಕ್ಕಟೆ. ಲಾಗ್ ಓದುತ್ತದೆ, 10 ನಿಮಿಷದೊಳಗೆ 5 ಸಲ ತಪ್ಪಿದ ಐಪಿಯನ್ನು (ಇಂಟರ್ನೆಟ್ ವಿಳಾಸವನ್ನು) 10 ನಿಮಿಷ ಫೈರ್‌ವಾಲ್‌ನಲ್ಲೇ ತಡೆಯುತ್ತದೆ. ಇದು ಅದರ ಮೂಲ ಸೆಟ್ಟಿಂಗ್. ನನಗೆ ಸಾಲಲಿಲ್ಲ. ತಡೆಯನ್ನು ಒಂದು ವಾರ ಮಾಡಿದೆ, ಎಲ್ಲ ಪೋರ್ಟಿಗೂ (ಸರ್ವರಿನ ಎಲ್ಲ ಬಾಗಿಲಿಗೂ) ಹಚ್ಚಿದೆ, ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಜತೆಗೆ ಸೈಟಿನ ಲಾಗಿನ್ ಪುಟವನ್ನೂ ಸೇರಿಸಿದೆ.

ನಮಗೆ ಉಪ್ಪಿನಕಾಯಿ ಹಾಕಿಕೊಡುವ ಅತ್ತಿಗೆಯರು ಸುತ್ತಲಿನ ಹಳ್ಳಿಯವರು. ಎಷ್ಟು ಬಾಟಲಿ ಇದೆ ಅಂತ ಮೊಬೈಲಿನಿಂದಲೇ ಲಾಗಿನ್ ಆಗಿ ಹಾಕುತ್ತಾರೆ. ಆಷಾಢದ ಒಂದು ಸಂಜೆ ಮರ ಬಿದ್ದು ಕರೆಂಟ್ ಹೋಗಿತ್ತು, ಬ್ರಾಡ್‌ಬ್ಯಾಂಡೂ ಇಲ್ಲ, ಎಲ್ಲರೂ ಮೊಬೈಲ್ ಡೇಟಾದಲ್ಲೇ. ಒಬ್ಬರು ಪಾಸ್‌ವರ್ಡ್ ಮರೆತು ಐದಾರು ಸಲ ಒತ್ತಿದರು. ಸ್ವಲ್ಪ ಹೊತ್ತಿಗೆ ಮೂರು ಮನೆಯಿಂದ ಫೋನು: “ತಮ್ಮಾ, ಸೈಟು ಓಪನ್ನೇ ಆಗ್ತಿಲ್ಲೆ.” ನನಗೂ ಆಗಲಿಲ್ಲ!

ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳ ಬರ ಅಲ್ವಾ, ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ತುಂಬಾ ಗಿರಾಕಿಗಳಿಗೆ ಹಂಚುತ್ತವೆ, ಸಿಜಿನ್ಯಾಟ್ ಅಂತಾರೆ. ಫೇಲ್‌ಟುಬ್ಯಾನ್ ಕಣ್ಣಿಗೆ ನಾವೆಲ್ಲ ಒಬ್ಬರೇ. ಒಬ್ಬರು ತಪ್ಪಿದ್ದಕ್ಕೆ ಅದೇ ವಿಳಾಸದ ಹಿಂದಿದ್ದ ನಾವೆಲ್ಲ ಒಳಗೆ. (ಈ ತಡೆಗಳಿಗೆ ಅದು ಇಟ್ಟ ಹೆಸರೇ ‘ಜೈಲ್’.) ಎಸ್‌ಎಸ್‌ಎಚ್ ಕೂಡ ಮುಚ್ಚಿದ್ದರಿಂದ ಸರ್ವರ್ ಬಾಡಿಗೆ ಕೊಟ್ಟವರ ಪ್ಯಾನೆಲ್‌ನ ಕನ್ಸೋಲ್‌ಗೆ (ಈ ತಡೆ ತಾಗದ ಹಿಂಬಾಗಿಲು) ಹೋಗಿ ಅನ್‌ಬ್ಯಾನ್‌ಐಪಿ ಅನ್ನುವ ಕಮಾಂಡ್ ಕೊಟ್ಟು ಬಿಡಿಸಿದೆ.

ಆಮೇಲೆ ಸಿಡಿಎನ್ (ಗಿರಾಕಿಗೂ ಸರ್ವರಿಗೂ ನಡುವೆ ನಿಂತು ಪುಟ ತಲುಪಿಸುವ ಸೇವೆ) ಹಾಕಿದಾಗ ಇನ್ನೊಂದು ತಲೆನೋವು. ಬರುವವರೆಲ್ಲ ಸಿಡಿಎನ್ ವಿಳಾಸದಲ್ಲೇ ಕಾಣುತ್ತಾರೆ, ಅದನ್ನು ತಡೆದರೆ ಗಿರಾಕಿಗಳೂ ಹೋದರು. ಹೆಡರ್‌ನಿಂದ (ಸಿಡಿಎನ್ ಜತೆಗೆ ಕಳಿಸುವ ಮಾಹಿತಿಯಿಂದ) ನಿಜವಾದ ಐಪಿ ತೆಗೆದು ಸರ್ವರ್ ಫೈರ್‌ವಾಲ್‌ನಲ್ಲಿ ತಡೆದರೂ ಉಪಯೋಗವಿಲ್ಲ, ಪ್ಯಾಕೆಟ್ ಬರುವುದು ಸಿಡಿಎನ್‌ನಿಂದ ತಾನೇ. ತಡೆ ಸಿಡಿಎನ್‌ನಲ್ಲೇ ಹಾಕಬೇಕು.

ಈಗ ಎಸ್‌ಎಸ್‌ಎಚ್‌ಗೆ ಕೀ (ನನ್ನ ಕಂಪ್ಯೂಟರಿನಲ್ಲಿರುವ ಗುಟ್ಟಿನ ಫೈಲ್) ಮಾತ್ರ, ಪಾಸ್‌ವರ್ಡ್ ಬಂದ್. ಅಲ್ಲಿ ಫೇಲ್‌ಟುಬ್ಯಾನ್ ಇದೆ, ತಡೆ ಮತ್ತೆ 10 ನಿಮಿಷ, ಅದೇ ಐಪಿ ಮತ್ತೆ ಬಂದರೆ ಜಾಸ್ತಿಯಾಗುತ್ತಾ ಹೋಗುತ್ತದೆ. ಲಾಗಿನ್ ಪುಟದಲ್ಲಿ ಐಪಿ ತಡೆಯೇ ಇಲ್ಲ, ತಪ್ಪಿದ ಖಾತೆಗಷ್ಟೇ ಸ್ವಲ್ಪ ಹೊತ್ತು ಕಾಯಿಸುತ್ತೇನೆ. ಇಗ್ನೋರ್‌ಐಪಿಯಲ್ಲಿ (ತಡೆಯಬಾರದ ಐಪಿಗಳ ಪಟ್ಟಿಯಲ್ಲಿ) ನಮ್ಮನೆ ಐಪಿ ವಿಳಾಸ ಹಾಕಿ ನೋಡಿದ್ದೆ, ರೂಟರ್ ಆಫ್ ಆಗಿ ಬಂದಾಗಲೆಲ್ಲ ಅದು ಬದಲಾಗುತ್ತಿತ್ತು, ಬಿಟ್ಟೆ.

ಐದಕ್ಕೆ ನಾಲ್ಕು ಕೊಡ್ತೇನೆ, ಅರ್ಧ ತಪ್ಪು ನನ್ನದೇ. ಹಾಕುವ ಮೊದಲು ಕನ್ಸೋಲ್ ತೆರೆಯುತ್ತದಾ ಅಂತ ಒಂದ್ಸಲ ನೋಡಿಕೊಳ್ಳಿ.