ಬಹುಮಾನ ಯಾರಿಗೆ? ನಾಲ್ಕು ಬಗೆಯಲ್ಲಿ ಎಣಿಸಿ ನೋಡಿದೆವು

ನಮ್ಮ ಫೋಟೋ ಬಳಗದ ವರ್ಷದ ಬಹುಮಾನಕ್ಕೆ ಮತ ಎಣಿಸುವ ಕೆಲಸ ನಾಲ್ಕು ವರ್ಷದಿಂದ ನನ್ನ ತಲೆಗೇ ಬಿದ್ದಿದೆ. ಪ್ರತಿ ಸಲ ಏನೋ ಒಂದು ತಕರಾರು, ಪ್ರತಿ ಸಲ ಹೊಸ ಪದ್ಧತಿ.

ಮೊದಲ ವರ್ಷ ಒಬ್ಬರಿಗೆ ಒಂದೇ ಮತ. ಎಣಿಸಲು ಐದು ನಿಮಿಷ ಸಾಕು, ಅಷ್ಟೇ ಅದರ ಗುಣ. ಕೊನೆಯ ಸುತ್ತಿನಲ್ಲಿ ಮೂರು ಹಕ್ಕಿ, ಒಂದು ಸೂರ್ಯಾಸ್ತ. 30 ಮತದಲ್ಲಿ ಹಕ್ಕಿಗಳಿಗೆ 8, 6, 5. ಸೂರ್ಯಾಸ್ತಕ್ಕೆ 11. ಹಕ್ಕಿ ಮೆಚ್ಚಿದವರು 19 ಜನ, ಗೆದ್ದಿದ್ದು ಸೂರ್ಯಾಸ್ತ! ಜೊತೆಗೆ ಯಾರ ಗೆಳೆಯರ ಗುಂಪು ದೊಡ್ಡದೋ ಅವರದ್ದೇ ಮೇಲುಗೈ.

ಮತದಾನವೇ ಬೇಡ ಅಂತ ಎರಡನೇ ವರ್ಷ ಮೂವರು ತೀರ್ಪುಗಾರರನ್ನು ಕೂರಿಸಿದೆವು, ಹತ್ತಕ್ಕೆ ಅಂಕ. ಇಲ್ಲಿ ನಾನು ಪೂರ್ತಿ ಬೇಸ್ತು ಬಿದ್ದೆ. ಒಬ್ಬರು ಒಂದು ಚಿತ್ರಕ್ಕೆ 9, ಇನ್ನೊಂದಕ್ಕೆ 4 ಕೊಟ್ಟರು. ಉಳಿದಿಬ್ಬರು ಮೊದಲನೆಯದಕ್ಕೆ 7, ಎರಡನೆಯದಕ್ಕೆ 8. ಕೂಡಿದರೆ 23ಕ್ಕೆ 20. ಮೂವರಲ್ಲಿ ಇಬ್ಬರು ಹಿಡಿಸಿದೆ ಅಂದ ಚಿತ್ರ ಸೋತಿತು. ಕೈ ಬಿಚ್ಚಿ ಅಂಕ ಏರಿಳಿಸುವವರ ರುಚಿಯೇ ತೀರ್ಪಾಗಿಬಿಡುತ್ತದೆ. ಅತಿ ಹೆಚ್ಚು, ಅತಿ ಕಡಿಮೆ ಅಂಕ ಬಿಟ್ಟು ಉಳಿದದ್ದರ ಸರಾಸರಿ ತೆಗೆಯುವ ಕ್ರಮ ಫಿಗರ್ ಸ್ಕೇಟಿಂಗ್‌ನಲ್ಲಿದೆ. ಆದರೆ ಮೂವರಲ್ಲಿ ಹಾಗೆ ಮಾಡಿದರೆ ಉಳಿಯುವುದು ಒಬ್ಬರ ಅಂಕ ಮಾತ್ರ! ಕನಿಷ್ಠ ಐವರು ಬೇಕು. ಅಂಕದ ಬದಲು ಒಂದು, ಎರಡು, ಮೂರು ಅಂತ ಸ್ಥಾನ ಬರೆಸಿದರೆ ಈ ರಗಳೆಯೇ ಇಲ್ಲ.

ಹೆಸರು ಮುಚ್ಚಿಟ್ಟರೂ ಯಾರ ಕೈಚಳಕ ಅಂತ ತೀರ್ಪುಗಾರರಿಗೆ ಗೊತ್ತಾಗಿಯೇ ಆಗುತ್ತದೆ. ಅದಕ್ಕೇ ‘ಇದು ನನ್ನ ಶಿಷ್ಯನದ್ದು, ನಾನು ನೋಡಲ್ಲ’ ಅಂತ ಮುಲಾಜಿಲ್ಲದೆ ಹಿಂದೆ ಸರಿಯುವವರನ್ನೇ ನಾನು ಹುಡುಕುವುದು. ದೊಡ್ಡ ಹೆಸರು ಆಮೇಲೆ.

ಮೂರನೇ ವರ್ಷ ಪ್ರಾಶಸ್ತ್ಯದ ಮತ. ಎಲ್ಲರೂ ಇಷ್ಟದ ಕ್ರಮದಲ್ಲಿ ಬರೆಯಬೇಕು. ಅತಿ ಕಡಿಮೆ ಮತ ಬಿದ್ದ ಚಿತ್ರವನ್ನು ತೆಗೆದು, ಅದರ ಮತಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾ ಹೋಗುವುದು. ವೈಜ್ಞಾನಿಕ ಕಥೆಗಳ ಹ್ಯೂಗೋ ಪ್ರಶಸ್ತಿಯಲ್ಲಿ ಇದೇ ಕ್ರಮ. ಮತ ಒಡೆಯುವ ಕಾಟ ತಪ್ಪಿತು. ಆದರೆ ಎಣಿಕೆ ಮುಗಿಯಲು ಸಂಜೆಯಾಯಿತು. ‘ಮೊದಲ ಸುತ್ತಿನಲ್ಲಿ ನನ್ನದೇ ಮುಂದಿತ್ತಲ್ವಾ?’ ಅಂದವರಿಗೆ ಮೂರು ಸಲ ವಿವರಿಸಿದೆ. ಅವರಿಗೆ ಇನ್ನೂ ಒಪ್ಪಿಗೆಯಿಲ್ಲ.

ಸ್ಥಾನಕ್ಕೆ ತಕ್ಕ ಅಂಕ ಕೊಟ್ಟು ಕೂಡುವುದೂ ಒಂದಿದೆ. ಫ್ರಾನ್ಸಿನ ಗಣಿತಜ್ಞ ಬೋರ್ಡಾ 1770ರಲ್ಲೇ ಮುಂದಿಟ್ಟ ಲೆಕ್ಕ. ಅದೇ ಚೀಟಿಗಳಲ್ಲಿ ಸುಮ್ನೆ ಕೂಡಿ ನೋಡಿದೆ. ಚೀಟಿ ನೋಡುತ್ತಲೇ ಅದರ ಕಳ್ಳದಾರಿಯೂ ಕಂಡಿತು: ಬಲವಾದ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳಿದರೆ ಆಯಿತು.

ಹೋದ ವರ್ಷದಿಂದ ಒಪ್ಪಿಗೆಯ ಮತ: ಬಹುಮಾನಕ್ಕೆ ತಕ್ಕದ್ದು ಅನ್ನಿಸಿದ ಎಲ್ಲದಕ್ಕೂ ಟಿಕ್. ಮೂರೂ ಹಕ್ಕಿ ಇಷ್ಟವಾದರೆ ಮೂರಕ್ಕೂ ಹಾಕಬಹುದು. ಎಣಿಕೆ ಮೊದಲ ವರ್ಷದಷ್ಟೇ ಸುಲಭ. ಹಟಕ್ಕೆ ತಮ್ಮದೊಂದಕ್ಕೇ ಟಿಕ್ ಹಾಕುವವರು ಇದ್ದೇ ಇರುತ್ತಾರೆ, ಆದರೂ ನನ್ನ ಓಟು ಇದಕ್ಕೇ. ಬಳಗ ಟಿಕ್ ಹಾಕಿ ಐದು ಚಿತ್ರ ಆರಿಸುತ್ತದೆ, ಐವರು ತೀರ್ಪುಗಾರರು ಅವಕ್ಕೆ ಸ್ಥಾನ ಬರೆಯುತ್ತಾರೆ.

ಹ್ಯೂಗೋದವರಿಂದ ಇನ್ನೊಂದನ್ನೂ ಎರವಲು ತಂದೆ: ‘ಯಾವುದಕ್ಕೂ ಬೇಡ’ ಎಂಬ ಆಯ್ಕೆ. 2015ರಲ್ಲಿ ಅಲ್ಲಿ ಐದು ವಿಭಾಗಗಳಲ್ಲಿ ಅದೇ ಗೆದ್ದಿತ್ತು. ನಮ್ಮಲ್ಲಿ ಹೋದ ಸಲ ಅದಕ್ಕೆ ಬಿದ್ದದ್ದು ಒಂದೇ ಟಿಕ್. ಆ ನೇರಳೆ ಇಂಕು ಯಾರದ್ದೆಂದು ನನಗೆ ಗೊತ್ತು, ಹೇಳುವ ಹಾಗಿಲ್ಲ.