ಕಾರ್ಡಿನಲ್ಲಿ ‘ಜಿ-ಎಚ್’ ಅಂತ ಇದ್ದರೆ ಸಾಲದು: ವಜ್ರದ ಬೆಂಡೋಲೆ ಕೊಳ್ಳುವವರು ಓದಿ

ಈ ಸೀಸನ್‌ನಲ್ಲಿ ಮದುವೆಗೆ ವಜ್ರದ ಬೆಂಡೋಲೆ ತೆಗೆಯುವವರು ಇದನ್ನು ಓದಿಯೇ ಅಂಗಡಿಗೆ ಹೋಗಿ. ಅಂಗಡಿಯ ಹೆಸರು ಬರೆಯುವುದಿಲ್ಲ, ಮಂಗಳೂರಿನದ್ದು ಅಂದರೆ ಸಾಕು.

ತಂಗಿಗೆ ಏಳು ಕಲ್ಲಿನ ಜೋಡಿ ತೆಗೆದೆವು. ಒಂದೊಂದು ಕಲ್ಲು ಹತ್ತು ಸೆಂಟಿನ, ಅಂದರೆ ಕ್ಯಾರೆಟ್‌ನ ಹತ್ತನೇ ಒಂದು ಪಾಲಿನ, ಆಸುಪಾಸು. ಜೊತೆಗೆ ಕೊಟ್ಟ ಕಾರ್ಡಿನಲ್ಲಿ ಬಣ್ಣ ‘ಜಿ-ಎಚ್’ ಎಂದಿತ್ತು. ಅಂಗಡಿಯ ದೀಪದಡಿ ಹದಿನಾಲ್ಕೂ ಕಲ್ಲು ಬೆಳ್ಳಗೆ ಫಳಫಳ. ಮನೆಯ ಚಾವಡಿಯಲ್ಲಿ ಹಗಲು ಹೊತ್ತು ನೋಡಿದರೆ ಒಂದು ಓಲೆಯಲ್ಲಿ ಮೂರು ಕಲ್ಲು ಮಾತ್ರ ಹಳದಿ ಹೊಡೆಯುತ್ತಿದ್ದವು.

ವಾಪಸ್ ಹೋಗಿ ಕೇಳಿದ್ದಕ್ಕೆ, “ಅಕ್ಕಾ, ಅದು ಚಿನ್ನದ ಬಣ್ಣ ಕಲ್ಲಿಗೆ ಬೀಳುವುದು” ಅಂದರು. ಮಾತು ಪೂರ್ತಿ ಸುಳ್ಳಲ್ಲ. ಹಳದಿ ಚಿನ್ನದಲ್ಲಿ ಕೂರಿಸಿದ ಕಲ್ಲಿಗೆ ಸ್ವಲ್ಪ ಬಣ್ಣ ಬಂದೇ ಬರುತ್ತದೆ. ಆದರೆ ಚಿನ್ನ ಏಳೂ ಕಲ್ಲಿನ ಸುತ್ತ ಉಂಟಲ್ಲ, ಮೂರಕ್ಕೇ ಯಾಕೆ ಬೀಳಬೇಕು ಮಾರಾಯ್ರೆ?

ಬಣ್ಣದ ಲೆಕ್ಕ ಹೀಗೆ. ಅಮೆರಿಕದ ಜಿಐಎ ಸಂಸ್ಥೆ 1950ರ ದಶಕದಲ್ಲಿ ತಂದ ಅಳತೆ ‘ಡಿ’ಯಿಂದ ‘ಝಡ್’ವರೆಗೆ ಹೋಗುತ್ತದೆ. ಡಿ, ಇ, ಎಫ್ ಅಂದರೆ ಬಣ್ಣವೇ ಇಲ್ಲ. ಜಿ, ಎಚ್, ಐ, ಜೆ ಅಂದರೆ ಹೆಚ್ಚುಕಡಿಮೆ ಇಲ್ಲ. ಕೆಯಿಂದ ಕೆಳಕ್ಕೆ ಹಳದಿ ಕಾಣತೊಡಗುತ್ತದೆ. ಸಾಮಾನ್ಯವಾಗಿ ಈ ಹಳದಿಗೆ ಕಾರಣ ಕಲ್ಲಿನೊಳಗಿನ ನೈಟ್ರೋಜನ್. ಒಂದು ಅಕ್ಷರ ಕೆಳಗಿಳಿದರೂ ರೇಟು ಇಳಿಯುತ್ತದೆ. ಹಾಗಾಗಿ ಜಿ ದುಡ್ಡು ಕೊಟ್ಟು ಜೆ ಕಲ್ಲು ತರುವುದು ಸಣ್ಣ ವಿಷಯ ಅಲ್ಲ.

ಹತ್ತು ಸೆಂಟಿನ ಒಂಟಿ ಕಲ್ಲಿನ ಮೂಗುಬೊಟ್ಟಿನಲ್ಲಿ ಜಿ-ಜೆ ವ್ಯತ್ಯಾಸ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಬೆಂಡೋಲೆಯ ಕಥೆ ಬೇರೆ. ಇಲ್ಲಿ ಕಲ್ಲು ಕಲ್ಲಿಗೆ ತಾಗಿಕೊಂಡೇ ಕೂತಿರುತ್ತದೆ. ಬಿಳಿಯ ಪಕ್ಕದಲ್ಲಿ ಹಳದಿ ಅಡಗುವುದಿಲ್ಲ. ಅದರ ಮೇಲೆ ನಮ್ಮದು ಕ್ಲೋಸ್ ಸೆಟ್ಟಿಂಗ್, ಹಿಂದೆ ಪೂರ್ತಿ ಚಿನ್ನ ಮುಚ್ಚಿದ್ದು. ಕಲ್ಲಿನ ಬೆನ್ನು ನೋಡುವ ದಾರಿಯೇ ಇಲ್ಲ.

ಉಡುಪಿಯಲ್ಲಿ ನಮ್ಮ ಮನೆಗೆ ಹಳೆಯ ಪರಿಚಯದ ಆಚಾರ್ರು (ಅಕ್ಕಸಾಲಿಗರು) ಒಬ್ಬರಿದ್ದಾರೆ. ಆ ಓಲೆಯ ಏಳೂ ಕಲ್ಲು ಬಿಚ್ಚಿಕೊಟ್ಟರು. ಒಂದು ಬಿಳಿ ಕಾಗದವನ್ನು ಮಧ್ಯಕ್ಕೆ ಮಡಚಿ, ಆ ಮಡಿಕೆಯಲ್ಲಿ ಕಲ್ಲುಗಳನ್ನು ಮುಖ ಕೆಳಗೆ ಮಾಡಿ ಸಾಲಾಗಿ ಇಟ್ಟರು. ಕಿಟಕಿಯ ಹತ್ತಿರ ಒಯ್ದು ಪಕ್ಕದಿಂದ ನೋಡಲು ಹೇಳಿದರು. ಮಗುಚಿದ ಕೂಡಲೇ ಆ ಥಳಥಳ ಎಲ್ಲ ಹೋಯಿತು, ಉಳಿದದ್ದು ಬರೀ ಬಣ್ಣ. ನಾಲ್ಕು ಕಲ್ಲು ಕಾಗದದ ಬಿಳಿಯಲ್ಲೇ ಸೇರಿಹೋದವು. ಮೂರು ಸೇರಲಿಲ್ಲ, ನೀರು ಜಾಸ್ತಿಯಾದ ಲಿಂಬೆ ಶರಬತ್ತಿನ ಬಣ್ಣ. ಲ್ಯಾಬ್‌ನಲ್ಲೂ ಕಲ್ಲನ್ನು ಹೀಗೇ ಮಗುಚಿಟ್ಟು, ಬಣ್ಣ ಗೊತ್ತಿರುವ ಮಾದರಿ ಕಲ್ಲುಗಳ ಪಕ್ಕ ಇಟ್ಟು ನೋಡುತ್ತಾರೆ. ನಾವೂ ಆ ಮೂರನ್ನು ಲ್ಯಾಬ್‌ಗೆ ಕಳಿಸಿದೆವು. ಎರಡು ಜೆ, ಒಂದು ಕೆ ಎಂದು ಬಂತು.

ಹಳದಿ ಛಾಯೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚಿನ್ನದಲ್ಲಿ ಕಟ್ಟಿಸುವುದಾದರೆ ಏಳೂ ಕಲ್ಲು ಐ ಅಥವಾ ಜೆ ಇದ್ದರೂ ಚಂದವೇ ಕಾಣುತ್ತದೆ, ದುಡ್ಡೂ ಉಳಿಯುತ್ತದೆ. ಡಿ-ಇ ಬೇಕು ಎಂದು ಹಟ ಹಿಡಿದು ಹಳದಿ ಚಿನ್ನದಲ್ಲಿ ಕೂರಿಸುವುದು ನನ್ನ ಪ್ರಕಾರ ಸುಮ್ನೆ ಖರ್ಚು. ವೈಟ್ ಗೋಲ್ಡ್, ಪ್ಲಾಟಿನಂ ಆದರೆ ಮಾತ್ರ ಜಿ-ಎಚ್‌ಗಿಂತ ಕೆಳಗೆ ಇಳಿಯುವ ಮೊದಲು ಯೋಚಿಸಿ. ಬಣ್ಣ ಯಾವುದೇ ಇರಲಿ, ಎಲ್ಲ ಕಲ್ಲಿನದ್ದೂ ಒಂದೇ ಇರಬೇಕು, ಅಷ್ಟೇ.

ಅದಕ್ಕೇ ಕಟ್ಟುವ ಮೊದಲು ಬಿಡಿ ಕಲ್ಲು ತೋರಿಸಲು ಹೇಳಿ. ಅಂಗಡಿಯ ಸ್ಪಾಟ್‌ಲೈಟ್ ಬೇಡ, ನೇರ ಬಿಸಿಲೂ ಬೇಡ, ಹೊಳಪಿನಲ್ಲಿ ಬಣ್ಣ ಗೊತ್ತಾಗುವುದಿಲ್ಲ. ನಮ್ಮ ಆಟಿ ತಿಂಗಳ, ಅಂದರೆ ಮಳೆಗಾಲದ, ಮೋಡ ಕವಿದ ಬೆಳಕು ಇದಕ್ಕೆ ಬೆಸ್ಟ್. ನೋಟು ಪರೀಕ್ಷೆ ಮಾಡುವ ಯುವಿ ದೀಪವನ್ನೂ ಒಮ್ಮೆ ಹಿಡಿಯಿರಿ. ಕೆಲವು ಕಲ್ಲು ಅದರಲ್ಲಿ ನೀಲಿ ಹೊಳೆಯುತ್ತವೆ. ಅದು ದೋಷ ಅಲ್ಲ, ಹಳದಿ ಕಲ್ಲು ಬಿಸಿಲಿನಲ್ಲಿ ಸ್ವಲ್ಪ ಬೆಳ್ಳಗೆ ಕಾಣಲು ಇದೂ ಒಂದು ಕಾರಣ. ಆದರೆ ನಾಲ್ಕು ಹೊಳೆದು ಮೂರು ಹೊಳೆಯದಿದ್ದರೆ ಜೋಡಿ ಸರಿಯಾಗಿ ಕೂಡಿಸಿಲ್ಲ ಅಂತ ಲೆಕ್ಕ.

“ಹಾಲ್‌ಮಾರ್ಕ್ ಉಂಟಲ್ಲ ಅಕ್ಕಾ” ಅಂತಲೂ ಹೇಳಿದ್ದರು. ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ, ವಜ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಲ್ಯಾಬ್ ವರದಿ ತೋರಿಸಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಎಂದ ಮೇಲೆ ಮೂರು ಕಲ್ಲು ಬದಲಿಸಿದರು. ಲ್ಯಾಬ್ ಖರ್ಚು, ಮತ್ತೆ ಕಟ್ಟಿಸಿದ ಕೂಲಿ ನಮ್ಮ ತಲೆಗೇ. ಅದನ್ನೂ ಕೇಳಿದ್ದಕ್ಕೆ ಅವರು ಬಿಲ್ ಮುಂದೆ ಹಿಡಿದರು. ಅದರಲ್ಲಿ ‘ಡೈಮಂಡ್’ ಎಂದು ತೂಕ ಇತ್ತು, ದುಡ್ಡು ಇತ್ತು, ಜಿ-ಎಚ್ ಎಲ್ಲೂ ಇರಲಿಲ್ಲ. ಕಾರ್ಡಿನಲ್ಲಿ ಇರುವ ಅಕ್ಷರವನ್ನು ಬಿಲ್ಲಿನಲ್ಲೂ ಬರೆಸಿಕೊಂಡೇ ದುಡ್ಡು ಕೊಡಿ.