ನಿಮ್ಮ ನೋಂದಣಿ ಸಂಖ್ಯೆಗಾಗಿ ನಡೆಯುವ ಸಂದರ್ಶನಗಳು: ಪ್ರಕೃತಿ ಚಿಕಿತ್ಸಾ ವೈದ್ಯರಿಗೆ ಒಂದು ಎಚ್ಚರಿಕೆ

ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ) ಮುಗಿಸಿ ಕೆಲಸ ಹುಡುಕುತ್ತಿರುವವರು, ಊರಿನ ಆಸ್ಪತ್ರೆಗಳಲ್ಲಿ ಸ್ವಲ್ಪ ಕಾಲ ದುಡಿದು ಬೆಂಗಳೂರಿಗೆ ಬರಬೇಕೆಂದಿರುವವರು ಈ ಬರಹವನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಗರದಲ್ಲಿ ಹಲವು ಶಾಖೆಗಳನ್ನು ಹೊಂದಿರುವ ಒಂದು ಸ್ವಾಸ್ಥ್ಯ ಸಂಸ್ಥೆಯ ‘ಮುಖ್ಯ ಪ್ರಕೃತಿ ಚಿಕಿತ್ಸಾ ವೈದ್ಯೆ’ ಹುದ್ದೆಗೆ ನಾನು ಇತ್ತೀಚೆಗೆ ಸಂದರ್ಶನಕ್ಕೆ ಹೋಗಿದ್ದೆ. ಅವರಿಗೆ ಬೇಕಾಗಿದ್ದುದು ನನ್ನ ನೋಂದಣಿ ಸಂಖ್ಯೆ ಮತ್ತು ಸಹಿ ಮಾತ್ರ ಎಂಬುದು ಅಲ್ಲಿ ಕುಳಿತಿದ್ದಾಗಲೇ ಸ್ಪಷ್ಟವಾಯಿತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ರೀತಿ ನಡೆದುಕೊಳ್ಳುವ ಬೇರೆ ಕೇಂದ್ರಗಳ ಬಗ್ಗೆ ಸಹಪಾಠಿಗಳಿಂದ ಕೇಳಿದ್ದೇನಾದ್ದರಿಂದ, ಹೆಸರಿಗಿಂತ ನಡೆಯುವ ಕ್ರಮವನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ.

ಜಾಹೀರಾತು ನಂಬುವಂತೆಯೇ ಇತ್ತು. ತಿಂಗಳಿಗೆ 45,000ದಿಂದ 60,000 ರೂಪಾಯಿ ಸಂಬಳ, ವಸತಿ ಸೌಕರ್ಯ, ಜಲಚಿಕಿತ್ಸೆ ಹಾಗೂ ಉಪವಾಸ ಚಿಕಿತ್ಸೆಯಲ್ಲಿ ಅನುಭವವಿದ್ದವರಿಗೆ ಆದ್ಯತೆ ಎಂದು ಅದರಲ್ಲಿ ಬರೆದಿತ್ತು. ಆದರೆ ಕರೆ ಮಾಡಿದ ಮಾನವ ಸಂಪನ್ಮೂಲ ವಿಭಾಗದ ಹೆಣ್ಣುಮಗಳು ನನ್ನ ಅನುಭವದ ಬಗ್ಗೆ ಏನನ್ನೂ ವಿಚಾರಿಸಲಿಲ್ಲ. ವೈದ್ಯರನ್ನು ನೋಂದಾಯಿಸುವ ರಾಜ್ಯದ ಮಂಡಳಿಯಲ್ಲಿ ನೋಂದಣಿಯಾಗಿದೆಯೇ, ಅದು ಚಾಲ್ತಿಯಲ್ಲಿದೆಯೇ ಎಂದು ಮತ್ತೆ ಮತ್ತೆ ಕೇಳಿ, ಪ್ರಮಾಣಪತ್ರದ ಪ್ರತಿಯನ್ನು ಅಂದೇ ವಾಟ್ಸಾಪ್‌ನಲ್ಲಿ ಕಳುಹಿಸಬೇಕೆಂದು ಒತ್ತಾಯಿಸಿದರು. ಸಂದರ್ಶನದ ದಿನ ಮೂಲ ಪ್ರತಿಯನ್ನೇ ತೋರಿಸುತ್ತೇನೆ, ಮೊದಲೇ ಕಳುಹಿಸುವುದಿಲ್ಲ ಎಂದು ತಿಳಿಸಿದೆ.

ಸಂದರ್ಶನ ನಡೆಸಿದವರಲ್ಲಿ ಒಬ್ಬರೂ ವೈದ್ಯರಿರಲಿಲ್ಲ. ಸಂಸ್ಥೆಯ ನಿರ್ದೇಶಕರು ಮತ್ತು ಮಾರಾಟ ವಿಭಾಗದ ಮುಖ್ಯಸ್ಥರು ಕುಳಿತಿದ್ದರು. ಕಟಿಸ್ನಾನದ ನೀರಿನ ಉಷ್ಣತೆ ಎಷ್ಟಿರಬೇಕು, ಯಾರಿಗೆ ಉಗಿಸ್ನಾನ ಕೊಡಬಾರದು, ದೀರ್ಘ ಉಪವಾಸವನ್ನು ಹೇಗೆ ಮುರಿಸಬೇಕು ಎಂಬಂತಹ, ನಮ್ಮ ವೃತ್ತಿಯಲ್ಲಿ ಯಾರಾದರೂ ಕೇಳಲೇಬೇಕಾದ ಪ್ರಶ್ನೆಗಳು ಬರಲಿಲ್ಲ. ಬಂದ ಒಂದೇ ವೈದ್ಯಕೀಯ ಪ್ರಶ್ನೆ ಹೀಗಿತ್ತು: “ಮೇಡಂ, ಶುಗರ್ ಇರೋ ಕಸ್ಟಮರ್ ಒಬ್ಬರು ಬಂದು, ಮಾತ್ರೆ ಯಾವಾಗ ಬಿಡಬಹುದು ಅಂತ ಕೇಳಿದ್ರೆ ನೀವೇನ್ ಹೇಳ್ತೀರಿ?” ಸಕ್ಕರೆಯ ಪ್ರಮಾಣವನ್ನು ದಿನವೂ ನೋಡುತ್ತಾ, ಮಾತ್ರೆ ಬರೆದುಕೊಟ್ಟ ವೈದ್ಯರೊಂದಿಗೆ ಮಾತನಾಡಿ, ಅವರ ಮೂಲಕವೇ ಪ್ರಮಾಣವನ್ನು ಇಳಿಸಬೇಕು ಎಂದು ಉತ್ತರಿಸಿದೆ. ಮಾರಾಟದ ಮುಖ್ಯಸ್ಥರು ತಲೆಯಾಡಿಸಿ, “ಹಾಗೆ ಹೇಳಿದ್ರೆ ಅವ್ರು ಪ್ಯಾಕೇಜ್ ತಗೊಳಲ್ಲ ಮೇಡಂ. 90 ದಿನದಲ್ಲಿ ಮಾತ್ರೆ ಬಂದ್ ಅಂತ ಮೊದಲನೇ ದಿನವೇ ಹೇಳ್ಬೇಕು” ಎಂದರು.

ಈ ಮಾತು ಎಷ್ಟು ಅಪಾಯಕಾರಿ ಎಂಬುದನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಹೊಸದಾಗಿ ಓದು ಮುಗಿಸಿ ಬಂದವರಿಗೆ ಇದನ್ನು ‘ಮಾತನಾಡುವ ಕಲೆ’ ಎಂದೇ ಕಲಿಸಲಾಗುತ್ತಿದೆ. ಆಹಾರ ಬದಲಾವಣೆ, ತೂಕ ಇಳಿಕೆ ಮತ್ತು ವ್ಯಾಯಾಮದಿಂದ ಎರಡನೇ ಬಗೆಯ ಸಕ್ಕರೆ ಕಾಯಿಲೆಯವರ ಮಾತ್ರೆ ಕಡಿಮೆಯಾಗುವುದನ್ನು, ಕೆಲವರಿಗೆ ನಿಂತೇ ಹೋಗುವುದನ್ನು ನಾನೂ ಕಂಡಿದ್ದೇನೆ. ಆ ಕಾರಣಕ್ಕಾಗಿಯೇ ಈ ಪದ್ಧತಿಯ ಮೇಲೆ ನನಗೆ ಗೌರವವಿದೆ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರನ್ನು ಪ್ರಮಾಣ ಇಳಿಸದೆ ಉಪವಾಸಕ್ಕೆ ಕೂರಿಸಿದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು, ಬೆವರು, ನಡುಕ, ಗೊಂದಲ ಉಂಟಾಗಿ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ಸೇವಿಸುತ್ತಲೇ ಉಪವಾಸ ಮಾಡಿದವರಲ್ಲಿ, ಸಕ್ಕರೆಯ ಅಂಕಿ ಅಷ್ಟೇನೂ ಹೆಚ್ಚಿಲ್ಲದಿರುವಾಗಲೂ ರಕ್ತದಲ್ಲಿ ಕೀಟೋನ್ ಏರಿ ಆಮ್ಲತೆ ಹೆಚ್ಚಾಗುವ ಅಪಾಯವಿದೆ. ಗ್ಲೂಕೋಮೀಟರ್ ಅನ್ನು ಮಾತ್ರ ನೋಡುವ ಸಲಹೆಗಾರರಿಗೆ ಅದು ಗೊತ್ತೇ ಆಗುವುದಿಲ್ಲ. ಮೊದಲ ಬಗೆಯ ಸಕ್ಕರೆ ಕಾಯಿಲೆ ಇರುವವರಂತೂ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ರೋಗಿ ಯಾವ ಬಗೆಯವರು, ಯಾವ ಮಾತ್ರೆಯಲ್ಲಿದ್ದಾರೆ ಎಂಬುದನ್ನು ನೋಡುವ ಮೊದಲೇ 90 ದಿನಗಳ ಭರವಸೆ ಕೊಡುವ ಕೆಲಸವನ್ನು ಯಾವ ವೈದ್ಯರೂ ಒಪ್ಪಿಕೊಳ್ಳಬಾರದು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡದಂತಹ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಔಷಧಗಳನ್ನು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆ ಕೊಠಡಿಯ ಗೋಡೆಯ ಮೇಲೆ, ಅವರೇ ಮಾರುವ ಚೂರ್ಣದ ಚಿತ್ರದ ಪಕ್ಕದಲ್ಲಿ, ಅಂತಹ ಭರವಸೆಯೇ ದೊಡ್ಡ ಅಕ್ಷರಗಳಲ್ಲಿತ್ತು.

ಬಳಿಕ ಕೆಳಗಿನ ಮಹಡಿಯಲ್ಲಿದ್ದ ಶಾಖೆಯನ್ನು ತೋರಿಸಿದರು. ಉಗಿಪೆಟ್ಟಿಗೆಯೊಳಗೆ ವಯಸ್ಸಾದ ಮಹಿಳೆಯೊಬ್ಬರು ಕುಳಿತಿದ್ದರು, ತಲೆಯ ಮೇಲೆ ತಣ್ಣೀರಿನ ಬಟ್ಟೆ ಇರಲಿಲ್ಲ. ಇವರ ರಕ್ತದೊತ್ತಡ ಎಷ್ಟಿತ್ತು ಎಂದು ಥೆರಪಿಸ್ಟ್ ಹುಡುಗಿಯನ್ನು ಕೇಳಿದಾಗ, ಅಳೆಯುವ ಯಂತ್ರ ಬೇರೆ ಶಾಖೆಗೆ ಹೋಗಿದೆ ಎಂಬ ಉತ್ತರ ಬಂತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಕೆಲವು ವಾರಗಳ ತರಬೇತಿ ಕೊಟ್ಟು, ಯಾವ ಮೇಲ್ವಿಚಾರಣೆಯೂ ಇಲ್ಲದೆ, ಇಡೀ ಕೋಣೆಯ ಹೊಣೆಯನ್ನು ಅವಳ ಮೇಲೆ ಹೊರಿಸಿದ್ದರು. ಆ ತಾಯಿಯನ್ನು ಹೊರಗೆ ಕರೆದು ನೀರು ಕೊಡಿಸಿದ ಮೇಲೆ ನಾವು ಮೇಲೆ ಬಂದೆವು.

ಕರಾರು ಪತ್ರ ಕೈಗೆ ಬಂದಾಗ ಎಲ್ಲವೂ ಹೊಂದಿಕೊಂಡಿತು. ಪ್ರತಿ ಶಾಖೆಯಲ್ಲೂ ನನ್ನ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಗೋಡೆಗೆ ಹಾಕಲು ಒಪ್ಪಿಗೆ ಕೊಡಬೇಕು, ತಿಂಗಳಿಗೊಮ್ಮೆ ಭೇಟಿ ಕೊಟ್ಟರೆ ಸಾಕು, ಉಳಿದ ದಿನಗಳಿಗಾಗಿ ಸಹಿ ಮಾಡಿದ ಖಾಲಿ ಕೇಸ್ ಶೀಟ್‌ಗಳನ್ನು ಮತ್ತು ಮೊಹರನ್ನು ಶಾಖೆಯ ವ್ಯವಸ್ಥಾಪಕರ ಬಳಿ ಇಟ್ಟಿರಬೇಕು ಎಂದಿತ್ತು. ಅದರ ಕೆಳಗೇ, ಚಿಕಿತ್ಸೆಯಿಂದ ಉಂಟಾಗುವ ಯಾವುದೇ ತೊಂದರೆಗೆ ವೈದ್ಯರೇ ಪೂರ್ಣ ಹೊಣೆಗಾರರು ಎಂಬ ಸಾಲಿತ್ತು. ನಾನು ನೋಡಿರದ ರೋಗಿಗೆ, ನನಗೆ ಪರಿಚಯವೇ ಇಲ್ಲದ ಥೆರಪಿಸ್ಟ್ ಕೊಟ್ಟ ಚಿಕಿತ್ಸೆಯಿಂದ ಅನಾಹುತವಾದರೆ, ಕಾಗದದ ಮೇಲೆ ಸಹಿ ಇರುವುದು ನನ್ನದು; ಪೊಲೀಸರೂ ಗ್ರಾಹಕ ನ್ಯಾಯಾಲಯವೂ ಮಂಡಳಿಯೂ ಮೊದಲು ಕೇಳುವುದು ನನ್ನನ್ನೇ. ಐದೂವರೆ ವರ್ಷ, ಅಂದರೆ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್, ಮುಗಿಸಿ ಪಡೆದ ಅರ್ಹತೆಯನ್ನು ಹೀಗೆ ಗೋಡೆಗೆ ತೂಗುಹಾಕಲು ಬಿಟ್ಟುಕೊಡುವುದು ಬಾಡಿಗೆಗೆ ಕೊಟ್ಟ ಮನೆಯಲ್ಲಿ ಏನು ನಡೆದರೂ ಮಾಲೀಕರೇ ಜೈಲಿಗೆ ಹೋಗುತ್ತೇವೆಂದು ಬರೆದುಕೊಟ್ಟಂತೆ.

ಸಂಸ್ಥೆಗೆ ಕೆಪಿಎಂಇ ನೋಂದಣಿ ಇದೆಯೇ ಎಂದು ಕೇಳಿದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಯೋಗ ಮತ್ತು ಪ್ರಕೃತಿ ಚಿಕಿತ್ಸೆ ನೀಡುವ ಸಂಸ್ಥೆಗಳಿಗೂ ಅನ್ವಯಿಸುತ್ತದೆ, ನೋಂದಣಿ ಪತ್ರವನ್ನು ಬಂದವರಿಗೆಲ್ಲ ಕಾಣುವಂತೆ ಹಾಕಿರಬೇಕು. ತಾವು ಆಸ್ಪತ್ರೆಯಲ್ಲ, ಸ್ವಾಸ್ಥ್ಯ ಕೇಂದ್ರ, ಆದ್ದರಿಂದ ಅದು ಬೇಡ ಎಂದು ನಿರ್ದೇಶಕರು ಹೇಳಿದರು. ಹಾಗಿದ್ದರೆ ಹೊರಗಿನ ಫಲಕದಲ್ಲಿ ಮಧುಮೇಹ ಚಿಕಿತ್ಸೆ ಎಂದು ಏಕೆ ಬರೆದಿದೆ, ವೈದ್ಯರ ಪ್ರಮಾಣಪತ್ರ ಗೋಡೆಗೆ ಏಕೆ ಬೇಕು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಸಂಬಳದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಜಾಹೀರಾತಿನ 60,000 ರೂಪಾಯಿಯಲ್ಲಿ ನಿಗದಿತ ಸಂಬಳ 18,000 ಮಾತ್ರ. ಉಳಿದದ್ದು ಪ್ಯಾಕೇಜ್ ಮತ್ತು ಚೂರ್ಣದ ಡಬ್ಬಿಗಳ ಮಾರಾಟದ ಟಾರ್ಗೆಟ್ ಮುಟ್ಟಿದರೆ. ಸೇರುವ ಮೊದಲು 25,000 ರೂಪಾಯಿ ‘ಹಿಂದಿರುಗಿಸುವ ತರಬೇತಿ ಠೇವಣಿ’ ಕಟ್ಟಬೇಕು, ಪದವಿಯ ಮೂಲ ಪ್ರಮಾಣಪತ್ರಗಳನ್ನು ಎರಡು ವರ್ಷ ಅವರಲ್ಲೇ ಇಡಬೇಕು. ಬಿಟ್ಟುಹೋದ ಮೇಲೆ ಎರಡು ವರ್ಷ ಬೆಂಗಳೂರಿನಲ್ಲಿ ಪ್ರಕೃತಿ ಚಿಕಿತ್ಸೆ ಮಾಡಬಾರದು ಎಂಬ ಷರತ್ತೂ ಇತ್ತು. ಈ ಕೊನೆಯದಕ್ಕೆ ಯಾರೂ ಹೆದರಬೇಕಾಗಿಲ್ಲ: ಕಾನೂನುಬದ್ಧ ವೃತ್ತಿಯನ್ನು ಮಾಡದಂತೆ ಒಬ್ಬರನ್ನು ತಡೆಯುವ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಆ ಮಟ್ಟಿಗೆ ಅನೂರ್ಜಿತ. ಮೂಲ ಪ್ರಮಾಣಪತ್ರಗಳ ಮಾತು ಬೇರೆ. ಒಮ್ಮೆ ಕೊಟ್ಟರೆ ಕಾನೂನು ನಿಮ್ಮ ಪರವಾಗಿದ್ದರೂ ಅವುಗಳನ್ನು ವಾಪಸು ಪಡೆಯಲು ಅಲೆಯಬೇಕಾದವರು ನೀವೇ.

ನಾನು ಸಹಿ ಮಾಡದೆ ಎದ್ದು ಬಂದೆ. ಆದರೆ ನನ್ನ ನಂತರ ಹೊರಗಿನ ಕುರ್ಚಿಗಳಲ್ಲಿ ಇಂಟರ್ನ್‌ಶಿಪ್ ಈಗಷ್ಟೇ ಮುಗಿಸಿದ ಹುಡುಗಿಯರು ಕಾಯುತ್ತಿದ್ದರು. ಮನೆಯಲ್ಲಿ ಶುಲ್ಕದ ಸಾಲ ಇರುವವರಿಗೆ ಆ ಕರಾರು ಪತ್ರವನ್ನು ನಿಧಾನವಾಗಿ ಓದುವ ಧೈರ್ಯ ಬರುವುದು ಕಷ್ಟ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಹಿರಿಯ ವೈದ್ಯರು ಸಂದರ್ಶನದಲ್ಲಿ ನನ್ನ ಕೈಗೆ ಒಬ್ಬ ರೋಗಿಯ ಕೇಸ್ ಶೀಟ್ ಕೊಟ್ಟು, ಇವರಿಗೆ ನಾಳೆಯ ಚಿಕಿತ್ಸೆ ಬರೆಯಿರಿ, ಯಾವುದನ್ನು ಕೊಡುವುದಿಲ್ಲ ಎಂಬುದನ್ನೂ ಬರೆಯಿರಿ ಎಂದಿದ್ದರು. ಒಳ್ಳೆಯ ಸಂದರ್ಶನ ಹಾಗಿರುತ್ತದೆ, ಅಂತಹ ಸಂಸ್ಥೆಗಳು ನಮ್ಮ ರಾಜ್ಯದಲ್ಲಿ ಇವೆ.

ಆದ್ದರಿಂದ ಹೋಗುವ ಮೊದಲೇ ಕೆಪಿಎಂಇ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಒಳಗೆ ಹೋದ ಮೇಲೆ ಅಲ್ಲಿ ಈಗ ಕೆಲಸ ಮಾಡುತ್ತಿರುವ ವೈದ್ಯರೊಬ್ಬರ ಜೊತೆ ಮಾತನಾಡಬೇಕು ಎನ್ನಿ, ಚಿಕಿತ್ಸಾ ಕೋಣೆಗಳನ್ನು ನೋಡಿ, ತುರ್ತು ಸ್ಥಿತಿಯಲ್ಲಿ ರೋಗಿಯನ್ನು ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ ಎಂದು ವಿಚಾರಿಸಿ. ಪ್ರಮಾಣಪತ್ರದ ಪ್ರತಿ ಕೊಡಲೇಬೇಕಾಗಿ ಬಂದರೆ ಅದರ ಮೇಲೆ ಅಡ್ಡಲಾಗಿ, ಇಂಥ ದಿನಾಂಕದಂದು ಇಂಥ ಸಂಸ್ಥೆಯ ಸಂದರ್ಶನದ ಪರಿಶೀಲನೆಗೆ ಮಾತ್ರ ಎಂದು ಬರೆದು ಸಹಿ ಹಾಕಿ ಕೊಡಿ. ಖಾಲಿ ಹಾಳೆಗೆ ಸಹಿಯನ್ನು ಯಾವ ಕಾರಣಕ್ಕೂ ಮಾಡಬೇಡಿ.

ಈಗಾಗಲೇ ಸೇರಿಕೊಂಡು ಸಿಕ್ಕಿಬಿದ್ದವರು, ನನ್ನ ಹೆಸರು, ನೋಂದಣಿ ಸಂಖ್ಯೆ, ಸಹಿ ಮತ್ತು ಮೊಹರನ್ನು ಬಳಸಲು ಕೊಟ್ಟ ಒಪ್ಪಿಗೆಯನ್ನು ಈ ದಿನದಿಂದ ಹಿಂಪಡೆದಿದ್ದೇನೆ ಎಂದು ಸಂಸ್ಥೆಗೆ ಪತ್ರ ಬರೆದು, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅದರ ಪ್ರತಿಯನ್ನು ರಾಜ್ಯದ ಮಂಡಳಿಗೂ ಸಲ್ಲಿಸಬೇಕು. ನೋಂದಣಿಯಿಲ್ಲದ ಕೇಂದ್ರದ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಕೆಲಸದ ಆಸೆ ತೋರಿಸಿ ಆನ್‌ಲೈನ್‌ನಲ್ಲಿ ಠೇವಣಿ ಹಣ ಹಾಕಿಸಿಕೊಂಡು ಮೋಸ ಮಾಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜಾಹೀರಾತು, ವಾಟ್ಸಾಪ್ ಸಂದೇಶಗಳು ಮತ್ತು ಕರಾರು ಪತ್ರದ ಚಿತ್ರಗಳನ್ನು ಅಳಿಸಬೇಡಿ. ದೂರಿನ ಜೊತೆ ಅವು ಬೇಕಾಗುತ್ತವೆ.